ಹನ್ನೆರಡು ಗೆಲುವು, ಏಳು ಸೋಲು

ಅಮೆರಿಕ ಸಂಯುಕ್ತ ಸಂಸ್ಥಾನದ ನಡುಭಾಗದಲ್ಲಿ, ಗೋಧಿಯ ಹೊಲಗಳಿಗೆ ಹೆಸರಾದ ಕ್ಯಾನ್ಸಾಸ್ ಎಂಬ ಪ್ರಾಂತವಿದೆ. ಅಲ್ಲಿಯ ಲಾರೆನ್ಸ್ ಪಟ್ಟಣದಲ್ಲಿರುವ ವಿಶ್ವವಿದ್ಯಾನಿಲಯದ ಬ್ಯಾಸ್ಕೆಟ್‌ಬಾಲ್ ತಂಡವು ಆ ದೇಶದ ಕಾಲೇಜು ತಂಡಗಳಲ್ಲಿ ಅತ್ಯಂತ ಪ್ರಸಿದ್ಧವಾದವುಗಳಲ್ಲೊಂದು. 1898ರಿಂದ ಈಚೆಗೆ ಆ ತಂಡಕ್ಕೆ ತರಬೇತು ನೀಡಿದವರ ಪಟ್ಟಿಯೊಂದನ್ನು ಅಲ್ಲಿ ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಾರೆ. ಒಬ್ಬೊಬ್ಬರ ಹೆಸರಿನ ಎದುರಿಗೂ ಅವರು ಗೆದ್ದ ಪಂದ್ಯಗಳೆಷ್ಟು, ಸೋತ ಪಂದ್ಯಗಳೆಷ್ಟು ಎಂಬ ಲೆಕ್ಕವಿದೆ. ಪಟ್ಟಿಯ ಉದ್ದಕ್ಕೂ ಗೆಲುವಿನ ಅಂಕಿಯೇ ದೊಡ್ಡದು. ಒಬ್ಬನ ಹೆಸರಿನ ಮುಂದೆ ಮಾತ್ರ ಸೋಲಿನ ಅಂಕಿ ಗೆಲುವಿನದನ್ನು ಮೀರಿದೆ: ಗೆಲುವು 55, ಸೋಲು 60. ಆ ಒಬ್ಬನೇ ಜೇಮ್ಸ್ ನೈಸ್ಮಿತ್. ಬ್ಯಾಸ್ಕೆಟ್‌ಬಾಲ್ ಆಟವನ್ನು ಕಂಡುಹಿಡಿದವನು.

ಇದನ್ನು ಕೇಳಿದ ಕೂಡಲೆ ಯಾರಿಗಾದರೂ ನಗು ಬರುವುದು ಸಹಜ. ಆಟವನ್ನು ಹುಟ್ಟಿಸಿದವನಿಗೇ ಆಟ ಗೆಲ್ಲಲು ಬರಲಿಲ್ಲವೆ ಎಂದು ಕೆಲವರು ಹಾಸ್ಯ ಮಾಡುವುದುಂಟು. ಮತ್ತೆ ಕೆಲವರು ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿದು, ಆತನು ಗೆಲುವನ್ನು ತೃಣಕ್ಕೆ ಸಮಾನವಾಗಿ ಕಂಡ ಮಹಾತ್ಮನೆಂದು ಕೊಂಡಾಡುತ್ತಾರೆ. ಹಾಸ್ಯವಾಗಲಿ ಸ್ತೋತ್ರವಾಗಲಿ ಹೇಳುವುದಕ್ಕೆ ಸುಲಭ. ಆದರೆ ನೈಸ್ಮಿತ್ತನು ಆ ತಂಡವನ್ನು ನೋಡಿಕೊಂಡ ಒಂಬತ್ತು ಋತುಗಳನ್ನು, ಅದರಲ್ಲಿಯೂ 1905-06ರ ಚಳಿಗಾಲದ ಋತುವನ್ನು, ಸ್ವಲ್ಪ ನಿಂತು ಪರಿಶೀಲಿಸಿದರೆ ಈ ಎರಡು ಮಾತುಗಳೂ ಪೊಳ್ಳೆಂದು ತೋರುತ್ತವೆ. ಆ ವರ್ಷ ತಂಡವು ಹನ್ನೆರಡು ಪಂದ್ಯಗಳನ್ನು ಗೆದ್ದು ಏಳರಲ್ಲಿ ಸೋತಿತು. ಅವನ ಕಾಲದ ಅತ್ಯಂತ ಯಶಸ್ವಿಯಾದ ಋತು ಅದೇ.

ಆಟ ಹುಟ್ಟಿದ ಬಗೆಯನ್ನು ತಿಳಿಯದೆ ಈ ಲೆಕ್ಕದ ಅರ್ಥ ಸ್ಪಷ್ಟವಾಗದು. ನೈಸ್ಮಿತ್ 1861ರಲ್ಲಿ ಕೆನಡಾ ದೇಶದ ಆಲ್ಮಾಂಟ್ ಎಂಬ ಊರಿನ ಬಳಿ ಹುಟ್ಟಿದನು. ಒಂಬತ್ತನೆಯ ವಯಸ್ಸಿನಲ್ಲಿಯೇ ತಂದೆತಾಯಿಗಳಿಬ್ಬರೂ ವಿಷಮಶೀತಜ್ವರಕ್ಕೆ ತುತ್ತಾದುದರಿಂದ ಬಂಧುಗಳ ಆಶ್ರಯದಲ್ಲಿ ಬೆಳೆದನು. ನಡುವೆ ಓದನ್ನು ಬಿಟ್ಟು ಕಾಡಿನಲ್ಲಿ ಮರ ಕಡಿಯುವವರೊಡನೆ ದುಡಿದು, ಮತ್ತೆ ಶಾಲೆಗೆ ಮರಳಿ, ಮಾಂಟ್ರಿಯಲ್ ನಗರದ ಮೆಗಿಲ್ ವಿಶ್ವವಿದ್ಯಾನಿಲಯದಲ್ಲಿ ಪದವಿಯನ್ನು ಪಡೆದನು. ಧರ್ಮೋಪದೇಶಕನಾಗಬೇಕೆಂದು ಧರ್ಮಶಾಸ್ತ್ರವನ್ನೂ ವ್ಯಾಸಂಗ ಮಾಡಿದನು. ಆದರೆ ವೇದಿಕೆಯ ಮೇಲಿನ ಉಪದೇಶಕ್ಕಿಂತ ಆಟದ ಬಯಲಿನಲ್ಲಿ ಯುವಕರನ್ನು ತಿದ್ದುವುದೇ ಲೇಸೆಂದು ಅವನಿಗೆ ತೋರಿತು. ಹೀಗಾಗಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ವೈ. ಎಂ. ಸಿ. ಎ. ಸಂಸ್ಥೆಯವರು ನಡೆಸುತ್ತಿದ್ದ ತರಬೇತು ಶಾಲೆಯನ್ನು ಸೇರಿ, ಅಲ್ಲಿಯೇ ಉಪಾಧ್ಯಾಯನೂ ಆದನು.

1891ರ ಡಿಸೆಂಬರ್ ತಿಂಗಳು. ಹೊರಗೆ ಹಿಮ ಬಿದ್ದು ಬಯಲಾಟಗಳೆಲ್ಲ ನಿಂತುಹೋಗಿದ್ದುವು. ಒಳಾಂಗಣದಲ್ಲಿ ಮಾಡಿಸುತ್ತಿದ್ದ ಕವಾಯತು, ಅಂಗಸಾಧನೆಗಳು ಹದಿನೆಂಟು ಮಂದಿ ವಿದ್ಯಾರ್ಥಿಗಳ ಒಂದು ತರಗತಿಗೆ ಬೇಸರವನ್ನುಂಟುಮಾಡಿದುವು. ಆ ತರಗತಿಯನ್ನು ಹಿಡಿತದಲ್ಲಿಟ್ಟುಕೊಳ್ಳುವುದು ಇಬ್ಬರು ಉಪಾಧ್ಯಾಯರಿಗೆ ಅದುವರೆಗೆ ಸಾಧ್ಯವಾಗಿರಲಿಲ್ಲ. ವಿಭಾಗದ ಮುಖ್ಯಸ್ಥನಾದ ಲೂಥರ್ ಗುಲಿಕ್ ಆ ತರಗತಿಯನ್ನು ನೈಸ್ಮಿತ್ತನಿಗೆ ಒಪ್ಪಿಸಿ, ಒಳಾಂಗಣದಲ್ಲಿ ಆಡಬಹುದಾದ ಹೊಸ ಆಟವೊಂದನ್ನು ಎರಡು ವಾರಗಳೊಳಗೆ ಕಲ್ಪಿಸುವಂತೆ ಹೇಳಿದನು. ನೈಸ್ಮಿತ್ತನ ಮುಂದಿದ್ದ ಸಮಸ್ಯೆ ಮೋಜಿನದಷ್ಟೇ ಆಗಿರಲಿಲ್ಲ. ಗಟ್ಟಿ ನೆಲದ ಮೇಲೆ ಬಿದ್ದರೆ ಮೂಳೆ ಮುರಿಯುತ್ತದೆ. ಆದುದರಿಂದ ಒಬ್ಬರನ್ನೊಬ್ಬರು ಕೆಡಹುವ ಅವಶ್ಯಕತೆಯೇ ಇಲ್ಲದಂತಹ ಆಟ ಬೇಕಾಗಿತ್ತು. ಅಮೆರಿಕದ ಫುಟ್‌ಬಾಲಿನಲ್ಲಿ ಆಟಗಾರನನ್ನು ಏಕೆ ಕೆಡಹುತ್ತಾರೆ? ಅವನು ಚೆಂಡನ್ನು ಹಿಡಿದು ಓಡುತ್ತಾನಾದುದರಿಂದ. ಓಟವನ್ನೇ ನಿಷೇಧಿಸಿದರೆ ಕೆಡಹುವ ಕಾರಣವೂ ಇಲ್ಲವಾಗುತ್ತದೆ! ಗುರಿಯು ಎದುರಿಗಿದ್ದರೆ ಚೆಂಡನ್ನು ಬಲವಾಗಿ ಬೀಸುತ್ತಾರೆ. ತಲೆಯ ಮೇಲೆ ಬಾಯ್ದೆರೆದು ಮಲಗಿದ್ದರೆ ಮೆಲ್ಲನೆ ಕಮಾನಿನಂತೆ ಎಸೆಯಲೇಬೇಕು. ಬಾಲ್ಯದಲ್ಲಿ ಅವನು ಆಡಿದ್ದ ಕಲ್ಲೆಸೆತದ ಆಟವೊಂದು, ನಮ್ಮ ಲಗೋರಿಯ ದೂರದ ನಂಟೆನ್ನಬಹುದಾದುದು, ಈ ಯುಕ್ತಿಯನ್ನು ಸೂಚಿಸಿತಂತೆ. ಕಟ್ಟಡದ ಕಾವಲುಗಾರನು ತಂದುಕೊಟ್ಟ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದ ಪಡಸಾಲೆಯ ಕಟಕಟೆಗೆ ಮೊಳೆ ಹೊಡೆದು ನಿಲ್ಲಿಸಿದರು. ಹದಿಮೂರು ನಿಯಮಗಳನ್ನು ಬೆರಳಚ್ಚು ಮಾಡಿಸಿ ಗೋಡೆಗೆ ಅಂಟಿಸಿದರು. ಪಕ್ಷಕ್ಕೆ ಒಂಬತ್ತು ಜನರಂತೆ ಆಡಿದ ಆ ಮೊದಲ ಪಂದ್ಯದಲ್ಲಿ ಚೆಂಡು ಬುಟ್ಟಿಗೆ ಬಿದ್ದುದು ಒಂದೇ ಸಲ.

ಒರಟುತನವನ್ನು ಯುಕ್ತಿಯಿಂದ ಗೆಲ್ಲುವುದು ಈ ಆಟದ ಹುಟ್ಟುಗುಣ ಎಂಬುದನ್ನು ಇಲ್ಲಿ ಗಮನಿಸಬೇಕು. ಮುಂದಿನ ಕಥೆಗೆ ಅದು ಅವಶ್ಯಕ.

ನೈಸ್ಮಿತ್ 1895ರಲ್ಲಿ ಡೆನ್ವರ್ ನಗರಕ್ಕೆ ಹೋಗಿ, ಕೆಲಸ ಮಾಡುತ್ತಲೇ ವೈದ್ಯಶಾಸ್ತ್ರವನ್ನು ಓದಿ, 1898ರಲ್ಲಿ ವೈದ್ಯಪದವಿಯನ್ನು ಪಡೆದನು. ಅದೇ ವರ್ಷ ಕ್ಯಾನ್ಸಾಸ್ ವಿಶ್ವವಿದ್ಯಾನಿಲಯವು ಅವನನ್ನು ಕರೆಸಿಕೊಂಡಿತು. ಬ್ಯಾಸ್ಕೆಟ್‌ಬಾಲ್ ತಂಡವನ್ನು ಕಟ್ಟಲೆಂದು ಅವನನ್ನು ಕರೆಸಿಕೊಂಡರೆಂದು ಭಾವಿಸಿದರೆ ತಪ್ಪಾಗುತ್ತದೆ. ಪ್ರಾರ್ಥನಾ ಮಂದಿರದ ಮೇಲ್ವಿಚಾರಣೆ ಮತ್ತು ವಿದ್ಯಾರ್ಥಿಗಳ ಅಂಗಸಾಧನೆ ಇವೆರಡು ಅವನಿಗೆ ವಹಿಸಿದ ಕೆಲಸಗಳು. ಪ್ರಾರ್ಥನೆ ನಡೆಸಬಲ್ಲ ಧರ್ಮಶಾಸ್ತ್ರಜ್ಞನೂ ದೇಹವನ್ನು ಬಲ್ಲ ವೈದ್ಯನೂ ಆಟ ಹೇಳಿಕೊಡಬಲ್ಲ ಗುರುವೂ ಒಬ್ಬನಲ್ಲಿಯೇ ದೊರೆತುದು ಆ ಬಡ ವಿದ್ಯಾನಿಲಯಕ್ಕೆ ಲಾಭದ ವ್ಯಾಪಾರವೇ ಸರಿ. ತಂಡವು ಈ ಎಲ್ಲ ಕೆಲಸಗಳ ಜೊತೆಗೆ ಬಂದು ಸೇರಿಕೊಂಡ ಒಂದು ಹೊಣೆ ಅಷ್ಟೆ.

1899ರ ಫೆಬ್ರವರಿ 3ರಂದು ಆ ತಂಡವು ತನ್ನ ಮೊದಲ ಪಂದ್ಯವನ್ನು ಕ್ಯಾನ್ಸಾಸ್ ಸಿಟಿಯ ವೈ. ಎಂ. ಸಿ. ಎ. ತಂಡದ ಮೇಲೆ ಆಡಿ 16-5ರಿಂದ ಸೋತಿತು. ಇಂದಿನ ಪಂದ್ಯಗಳಲ್ಲಿ ನೂರರ ಸಮೀಪಕ್ಕೆ ಹೋಗುವ ಅಂಕಗಳನ್ನು ಕಂಡವರಿಗೆ ಇದು ಮಕ್ಕಳಾಟದಂತೆ ಕಾಣಬಹುದು. ಕಾರಣ ಬೇರೆಯೇ ಇತ್ತು. ಪ್ರತಿಸಲ ಚೆಂಡು ಬುಟ್ಟಿಗೆ ಬಿದ್ದ ಮೇಲೂ ಅದನ್ನು ಅಂಗಣದ ನಡುವಿಗೆ ತಂದು, ಇಬ್ಬರು ಆಟಗಾರರ ಮಧ್ಯೆ ಮೇಲಕ್ಕೆ ಎಸೆದು ಆಟವನ್ನು ಹೊಸದಾಗಿ ಆರಂಭಿಸಬೇಕಾಗಿತ್ತು. ಈ ಪದ್ಧತಿ 1937ರವರೆಗೂ ನಡೆಯಿತು. ಚೆಂಡನ್ನು ಹೊಲಿದು ದಾರದಿಂದ ಬಿಗಿಯುತ್ತಿದ್ದುದರಿಂದ ಅದು ನೆಟ್ಟಗೆ ಪುಟಿಯುತ್ತಲೂ ಇರಲಿಲ್ಲ. ಲಾರೆನ್ಸಿನಲ್ಲಂತೂ ಆಟಕ್ಕೆಂದೇ ಕಟ್ಟಿದ ಒಳಾಂಗಣವಿರಲಿಲ್ಲ. ಸಿಕ್ಕಿದ ಕಟ್ಟಡದಲ್ಲಿ ಆಡಿಕೊಳ್ಳಬೇಕಾಗಿತ್ತು. ಚೆಂಡನ್ನು ಕಮಾನಿನಂತೆ ಎಸೆಯಬೇಕಾದ ಆಟಕ್ಕೆ ತಗ್ಗಾದ ಸೂರು ಎಂತಹ ಶತ್ರುವೆಂಬುದನ್ನು ಊಹಿಸಿಕೊಳ್ಳಬಹುದು. ಎದುರಾಳಿಗಳಾದರೂ ಯಾರು? ಸುತ್ತಮುತ್ತ ಈ ಆಟವನ್ನು ಆಡುವ ಕಾಲೇಜುಗಳೇ ವಿರಳ. ಆದುದರಿಂದ ಪಟ್ಟಣಗಳ ಸಂಘಗಳೊಡನೆ, ನುರಿತ ವಯಸ್ಕರೊಡನೆ, ಹದಿಹರೆಯದ ವಿದ್ಯಾರ್ಥಿಗಳು ಸೆಣಸಬೇಕಾಗಿತ್ತು. ಮೊದಲ ವರ್ಷ ಏಳು ಗೆಲುವು, ನಾಲ್ಕು ಸೋಲು. ಮರುವರ್ಷ ಮೂರು ಗೆಲುವು, ನಾಲ್ಕು ಸೋಲು. ಅದರ ಮರುವರ್ಷ ನಾಲ್ಕು ಗೆಲುವಿಗೆ ಎಂಟು ಸೋಲು. ಹೀಗೆಯೇ 1905ರವರೆಗೂ ಸೋಲಿನ ತಕ್ಕಡಿಯೇ ಕೆಳಗಿತ್ತು.

ತರಬೇತುದಾರನೆಂಬ ಮಾತಿಗೆ ಆ ಕಾಲದಲ್ಲಿ ಇಂದಿನ ಅರ್ಥವಿರಲಿಲ್ಲ. ಇಂದು ಅಂಗಣದ ಅಂಚಿನಲ್ಲಿ ನಿಂತು ಕೂಗುವವನು, ಕೈಸನ್ನೆಯಿಂದ ಒಬ್ಬೊಬ್ಬ ಆಟಗಾರನನ್ನೂ ಚದುರಂಗದ ಕಾಯಿಯಂತೆ ನಡೆಸುವವನು ಅವನೇ. ಅಂದು ಹಾಗೆ ಮಾಡುವುದು ಸಭ್ಯತೆಗೆ ಸಲ್ಲದ ನಡತೆಯಾಗಿತ್ತು. ಮುಂದೆ ನಿಯಮಗಳೇ ಅದನ್ನು ನಿಷೇಧಿಸಿದುವು. 1940ರ ದಶಕದ ಕೊನೆಯವರೆಗೂ ವಿರಾಮ ಪಡೆದಾಗ ಕೂಡ ತರಬೇತುದಾರನು ಆಟಗಾರರೊಡನೆ ಮಾತನಾಡುವಂತಿರಲಿಲ್ಲ. ಆಟ ಆರಂಭವಾದ ಮೇಲೆ ಅದು ಆಟಗಾರರದು, ಅವರ ಬುದ್ಧಿ ಅವರದು ಎಂಬುದೇ ಆ ನಿಷೇಧದ ಹಿಂದಿದ್ದ ತತ್ತ್ವ. ನೈಸ್ಮಿತ್ತನು ಈ ತತ್ತ್ವವನ್ನು ನಂಬಿದ್ದವನು. ತನ್ನ ತಂಡ ಆಡುತ್ತಿದ್ದ ಪಂದ್ಯಕ್ಕೆ ತಾನೇ ತೀರ್ಪುಗಾರನಾಗಿ ನಿಂತುದೂ ಉಂಟು. ಹಾಗೆ ನಿಲ್ಲುವಂತೆ ಎದುರಾಳಿಗಳು ಅವನನ್ನು ಒಪ್ಪಬೇಕಾದರೆ ಅವನ ನ್ಯಾಯಬುದ್ಧಿಯಲ್ಲಿ ಅವರಿಗೆಷ್ಟು ನಂಬಿಕೆಯಿದ್ದಿರಬೇಕು! ಗೆಲುವು ಸೋಲುಗಳ ಪಟ್ಟಿಯಲ್ಲಿ ಇದನ್ನು ಬರೆಯಲು ಕಾಲಮ್ಮಿಲ್ಲ.

ಈಗ 1905-06ರ ಚಳಿಗಾಲಕ್ಕೆ ಬರೋಣ. ಆ ಋತುವಿನ ಹಿಂದಿನ ತಿಂಗಳುಗಳಲ್ಲಿ ಅಮೆರಿಕದ ಕಾಲೇಜುಗಳ ಆಟದ ಬಯಲುಗಳ ಮೇಲೆ ಒಂದು ಕರಿಯ ನೆರಳು ಬಿದ್ದಿತ್ತು. 1905ರಲ್ಲಿ ಫುಟ್‌ಬಾಲ್ ಆಡುವಾಗ ಕನಿಷ್ಠ 18 ಮಂದಿ ಯುವಕರು ಪ್ರಾಣ ಕಳೆದುಕೊಂಡರು. ಅಂದಿನ ಫುಟ್‌ಬಾಲಿನಲ್ಲಿ ಆಟಗಾರರು ಒಬ್ಬರ ತೋಳನ್ನೊಬ್ಬರು ಹಿಡಿದು ಗುಂಪಾಗಿ ನುಗ್ಗಿ ಎದುರಾಳಿಯ ಸಾಲನ್ನು ಮುರಿಯುತ್ತಿದ್ದರು. ಅವರಿಗೆ ತಕ್ಕ ರಕ್ಷಣೆಯ ಉಡುಪೂ ಇರಲಿಲ್ಲ. ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟನು ಅಕ್ಟೋಬರಿನಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿದ್ಯಾನಿಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ, ಆಟವನ್ನು ಸುಧಾರಿಸುವಂತೆ ಒತ್ತಾಯಪಡಿಸಬೇಕಾಯಿತು. ಕೆಲವು ವಿದ್ಯಾನಿಲಯಗಳು ಫುಟ್‌ಬಾಲನ್ನೇ ಕೈಬಿಟ್ಟುವು. ಮರುವರ್ಷ ಕಾಲೇಜುಗಳ ಆಟಗಳನ್ನು ನಿಯಂತ್ರಿಸಲು ಒಂದು ಸಂಘವು ಸ್ಥಾಪಿತವಾಯಿತು. ಇಂದಿಗೂ ಅದು ಬೇರೆ ಹೆಸರಿನಲ್ಲಿ ನಡೆಯುತ್ತಿದೆ. ಕಾಲೇಜಿನಲ್ಲಿ ಆಟವೇಕೆ, ಯಾರಿಗಾಗಿ, ಎಷ್ಟರಮಟ್ಟಿಗೆ ಎಂಬ ಪ್ರಶ್ನೆಗಳನ್ನು ದೇಶವೇ ಕೇಳುತ್ತಿದ್ದ ಕಾಲವದು.

ಈ ಪ್ರಶ್ನೆಗಳಿಗೆ ನೈಸ್ಮಿತ್ತನು ಹದಿನಾಲ್ಕು ವರ್ಷಗಳ ಹಿಂದೆಯೇ ಉತ್ತರವೊಂದನ್ನು ಬರೆದಿಟ್ಟಿದ್ದನಲ್ಲವೆ? ಆದರೆ ಅವನ ಉತ್ತರವೂ ಕಳಂಕಕ್ಕೆ ಹೊರತಾಗಿ ಉಳಿದಿರಲಿಲ್ಲ. ಗೆಲ್ಲುವ ಹಟ ಬೆಳೆದಂತೆಲ್ಲ ಬ್ಯಾಸ್ಕೆಟ್‌ಬಾಲಿನಲ್ಲಿಯೂ ತಳ್ಳುವುದು, ಹಿಡಿಯುವುದು, ಮೊಣಕೈಯಿಂದ ತಿವಿಯುವುದು ಹೆಚ್ಚಾದುವು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಈ ಆಟವನ್ನೂ ಒರಟು ಆಟಗಳ ಸಾಲಿಗೇ ಸೇರಿಸಿ ಖಂಡಿಸಿದನು. ನಿಯಮಗಳಿಂದ ಕೈಗಳನ್ನು ಕಟ್ಟಬಹುದು, ಮನಸ್ಸನ್ನು ಕಟ್ಟಲು ನಿಯಮ ಸಾಲದು. ಅದಕ್ಕೆ ಗುರುವೇ ಬೇಕು. ತೀರ್ಪುಗಾರನಾಗಿ ನಿಲ್ಲುವುದನ್ನು ನೈಸ್ಮಿತ್ತನು ಏಕೆ ಒಪ್ಪಿಕೊಳ್ಳುತ್ತಿದ್ದನೆಂಬುದು ಇದರಿಂದ ಅರ್ಥವಾಗುತ್ತದೆ.

ಆ ಚಳಿಗಾಲದಲ್ಲಿ ತಂಡಕ್ಕೆ ಹನ್ನೆರಡು ಗೆಲುವುಗಳು ಹೇಗೆ ಬಂದುವು? ಗುರುವಿನ ಬೋಧನೆ ಒಮ್ಮೆಗೇ ಬದಲಾಯಿತೆನ್ನಲು ಆಧಾರವಿಲ್ಲ. ಒಳ್ಳೆಯ ಆಟಗಾರರು ಕೂಡಿಬಂದಿದ್ದರು. ಆ ವರ್ಷಗಳ ಆಟಗಾರರಲ್ಲಿ ಫಾರೆಸ್ಟ್ ಆ್ಯಲನ್ ಎಂಬ ತರುಣನೊಬ್ಬನಿದ್ದನು. ಮಂಜಿನಲ್ಲಿ ಹಡಗುಗಳಿಗೆ ಎಚ್ಚರಿಕೆ ಕೊಡುವ ಕಹಳೆಯಂತೆ ಅವನ ಧ್ವನಿ ಗಡುಸಾಗಿದ್ದುದರಿಂದ 'ಫಾಗ್' ಎಂಬ ಅಡ್ಡಹೆಸರು ಅವನಿಗೆ ಬಂದಿತ್ತು. ಆ್ಯಲನ್ನನು ಆಡುವುದರಷ್ಟೇ ಆಸಕ್ತಿಯಿಂದ ಆಟವನ್ನು ಕುರಿತು ಯೋಚಿಸುವವನು. ನೆರೆಯ ಬೇಕರ್ ಎಂಬ ವಿದ್ಯಾನಿಲಯದವರು ತಮ್ಮ ತಂಡಕ್ಕೆ ತರಬೇತು ಕೊಡಲು ಅವನನ್ನು ಕೇಳಿದಾಗ ನೈಸ್ಮಿತ್ತನು ನಕ್ಕುಬಿಟ್ಟನಂತೆ. ಬ್ಯಾಸ್ಕೆಟ್‌ಬಾಲನ್ನು ಆಡಬಹುದೇ ಹೊರತು ಅದನ್ನು ಯಾರೂ ಹೇಳಿಕೊಡಲಾರರೆಂಬುದು ಅವನ ಅಭಿಪ್ರಾಯ. ಶಿಷ್ಯನು ಆ ಮಾತನ್ನು ಒಪ್ಪಲಿಲ್ಲ. ಹೋಗಿ ಹೇಳಿಕೊಟ್ಟನು.

1906-07ರಲ್ಲಿ ತಂಡವು ಏಳು ಪಂದ್ಯಗಳನ್ನು ಗೆದ್ದು ಎಂಟರಲ್ಲಿ ಸೋತಿತು. ನೈಸ್ಮಿತ್ತನು ತಂಡದ ಹೊಣೆಯನ್ನು ಬಿಟ್ಟುಕೊಟ್ಟನು. ಅವನ ಸ್ಥಾನಕ್ಕೆ ಬಂದವನು ಆ್ಯಲನ್ನನೇ. ಶಿಷ್ಯನ ಮೊದಲ ಋತುವಿನಲ್ಲಿ 18 ಗೆಲುವು, 6 ಸೋಲು. ಎರಡನೆಯದರಲ್ಲಿ 25 ಗೆಲುವು, 3 ಸೋಲು. ಹತ್ತು ವರ್ಷಗಳ ಕಾಲ ಬೇರೆಡೆಗೆ ಹೋಗಿದ್ದು 1919ರಲ್ಲಿ ಮರಳಿ ಬಂದ ಆ್ಯಲನ್ 1956ರವರೆಗೂ ಅಲ್ಲಿಯೇ ಇದ್ದು, ಕ್ಯಾನ್ಸಾಸ್ ತಂಡಕ್ಕೆ ಒಟ್ಟು 590 ಗೆಲುವುಗಳನ್ನು ತಂದುಕೊಟ್ಟನು. ಅವನ ಕೈಕೆಳಗೆ ಆಡಿದವರಲ್ಲಿ ಅಡಾಲ್ಫ್ ರಪ್, ಡೀನ್ ಸ್ಮಿತ್ ಮುಂತಾದವರು ತಾವೇ ಮಹಾ ತರಬೇತುದಾರರಾಗಿ ಬೆಳೆದರು. ಹೇಳಿಕೊಡಲಾಗದೆಂದು ಗುರು ನಕ್ಕ ವಿದ್ಯೆಯಿಂದಲೇ ಒಂದು ಪರಂಪರೆ ಬೆಳೆಯಿತು.

ಆದುದರಿಂದ ಈ ವಿಷಯದಲ್ಲಿ ನೈಸ್ಮಿತ್ತನು ತಪ್ಪಿದನೆಂದೇ ಹೇಳಬೇಕಾಗುತ್ತದೆ. ಅವನಲ್ಲಿ ಎಷ್ಟೇ ಗೌರವವಿದ್ದರೂ ಇದನ್ನು ಮರೆಮಾಚುವುದು ಸರಿಯಲ್ಲ. ಚೆಂಡನ್ನು ಎಸೆಯುವ ಬಗೆಯಲ್ಲಿ, ಓಡುವ ದಾರಿಯಲ್ಲಿ, ಒಬ್ಬರಿಗೊಬ್ಬರು ಆಸರೆಯಾಗುವ ಕ್ರಮದಲ್ಲಿ ಕಲಿಯಬೇಕಾದುದು, ಕಲಿಸಬಹುದಾದುದು ಬೇಕಾದಷ್ಟಿದೆ. ಚಳಿಯಲ್ಲಿ ಪ್ರಯಾಣ ಮಾಡಿ, ಪರಸ್ಥಳದಲ್ಲಿ ಆಡಿ, ಸೋತು, ರಾತ್ರಿಯ ರೈಲಿನಲ್ಲಿ ಮರಳುವ ಹುಡುಗನಿಗೆ ತನ್ನ ಗುರು ಇನ್ನೂ ಸ್ವಲ್ಪ ಹೇಳಿಕೊಡಬಹುದಿತ್ತು ಎನಿಸಿದ್ದರೆ ಅದು ನ್ಯಾಯವೇ. ಗೆಲ್ಲಬೇಕೆಂಬ ಆಸೆ ನೀಚವಾದುದಲ್ಲ. ಸೋಲಿನಲ್ಲಿ ಶೀಲವು ಬೆಳೆಯುತ್ತದೆಂದು ದಡದಲ್ಲಿ ನಿಂತವರು ಹೇಳುವುದು ಸುಲಭ. ನೀರಿನಲ್ಲಿರುವವನಿಗೆ ಮೊದಲು ಈಜು ಬೇಕು.

ಇಷ್ಟನ್ನು ಒಪ್ಪಿಕೊಂಡ ಮೇಲೆಯೂ ಆ ಪಟ್ಟಿಯು ನೈಸ್ಮಿತ್ತನಿಗೆ ನ್ಯಾಯ ಸಲ್ಲಿಸಿತೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಅವನ ಒಂಬತ್ತು ಋತುಗಳಲ್ಲಿ ತಂಡದ ಅಂಗಿಯನ್ನು ತೊಟ್ಟವರು ವರ್ಷಕ್ಕೆ ಕೈಬೆರಳೆಣಿಕೆಯಷ್ಟು ಮಂದಿ. ಅವನ ಕೈಗೆ ಒಪ್ಪಿಸಿದ್ದುದಾದರೋ ಇಡೀ ವಿದ್ಯಾನಿಲಯದ ದೇಹಾರೋಗ್ಯ. ವಿದ್ಯಾರ್ಥಿಗಳ ಎದೆ, ಬೆನ್ನು, ಉಸಿರುಗಳನ್ನು ವೈದ್ಯನಾಗಿ ಪರೀಕ್ಷಿಸುವುದು, ಆರೋಗ್ಯಶಾಸ್ತ್ರವನ್ನು ಬೋಧಿಸುವುದು, ಕುಸ್ತಿ ಮತ್ತು ಕತ್ತಿವರಸೆಗಳನ್ನು ಕಲಿಸುವುದು ಇವೆಲ್ಲ ಅವನ ದಿನಚರಿಯಲ್ಲಿ ಸೇರಿದ್ದುವು. ಎಂದೂ ತಂಡಕ್ಕೆ ಆಯ್ಕೆಯಾಗದ, ಚೆಂಡನ್ನು ನೆಟ್ಟಗೆ ಹಿಡಿಯಲೂ ಬಾರದ ಹುಡುಗನೂ ಅವನ ವಿದ್ಯಾರ್ಥಿಯೇ. ಆ ಹುಡುಗನ ಕೂನಿದ ಬೆನ್ನು ನೆಟ್ಟಗಾದುದನ್ನು ಯಾವ ಪತ್ರಿಕೆಯೂ ಮರುದಿನ ಅಚ್ಚುಮಾಡಲಿಲ್ಲ.

ಪಟ್ಟಿಯಲ್ಲಿ ಹೆಸರಿಲ್ಲದ ಶಿಷ್ಯರಲ್ಲಿ ಒಬ್ಬನ ಕಥೆಯನ್ನಾದರೂ ಹೇಳಲೇಬೇಕು. 1933ರಲ್ಲಿ ಜಾನ್ ಮ್ಯಾಕ್‌ಲೆಂಡನ್ ಎಂಬ ಕರಿಯ ಜನಾಂಗದ ತರುಣನು ಕ್ಯಾನ್ಸಾಸ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಬ್ಯಾಸ್ಕೆಟ್‌ಬಾಲಿನಲ್ಲಿ ಅವನಿಗೆ ಅಪಾರವಾದ ಪ್ರೀತಿ. ಆದರೆ ವಿದ್ಯಾನಿಲಯದ ತಂಡದಲ್ಲಿ ಕರಿಯರಿಗೆ ಸ್ಥಳವಿರಲಿಲ್ಲ. ಆ ಬಾಗಿಲು ತೆರೆದುದು 1950ರ ದಶಕದಲ್ಲಿ. ಆಗ ಆ ತಂಡದ ಚುಕ್ಕಾಣಿ ಇದ್ದುದು ನೂರಾರು ಗೆಲುವುಗಳ ಸರದಾರನಾದ ಆ್ಯಲನ್ನನ ಕೈಯಲ್ಲಿ ಎಂಬುದನ್ನು ಮರೆಯಬಾರದು. ಎಪ್ಪತ್ತನ್ನು ದಾಟಿದ್ದ ನೈಸ್ಮಿತ್ತನು ಈ ತರುಣನನ್ನು ತನ್ನ ಶಿಷ್ಯನನ್ನಾಗಿ ಅಂಗೀಕರಿಸಿ, ಅಂಗಸಾಧನೆಯ ಶಾಸ್ತ್ರವನ್ನೂ ಬೋಧಿಸುವ ವಿಧಾನವನ್ನೂ ಕಲಿಸಿದನು. 1936ರಲ್ಲಿ ಮ್ಯಾಕ್‌ಲೆಂಡನ್ ಪದವೀಧರನಾದನು. ದೈಹಿಕ ಶಿಕ್ಷಣದಲ್ಲಿ ಅಲ್ಲಿ ಪದವಿ ಪಡೆದ ಮೊದಲ ಕರಿಯ ವಿದ್ಯಾರ್ಥಿ ಅವನೇ. ಅಂಗಣದ ಉದ್ದಗಲಕ್ಕೂ ಬಿಡುವಿಲ್ಲದೆ ಎದುರಾಳಿಯನ್ನು ಬೆನ್ನಟ್ಟುವ ವೇಗದ ಆಟವನ್ನು ಅವನು ಬೆಳೆಸಿದನು. 1957, 1958 ಮತ್ತು 1959ರಲ್ಲಿ ಅವನು ತರಬೇತು ನೀಡಿದ ಟೆನೆಸೀ ಎ ಅಂಡ್ ಐ ಕಾಲೇಜಿನ ತಂಡವು ಸಣ್ಣ ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿಯನ್ನು ಸತತವಾಗಿ ಮೂರು ಬಾರಿ ಗೆದ್ದಿತು. ಆಟದಲ್ಲಿ ತನಗೆ ಗುರು ನೈಸ್ಮಿತ್ತನೇ ಎಂದು ಅವನು ಕೊನೆಯವರೆಗೂ ಸ್ಮರಿಸುತ್ತಿದ್ದನು. ಈ ಗೆಲುವುಗಳನ್ನು ಯಾರ ಹೆಸರಿನ ಮುಂದೆ ಬರೆಯಬೇಕು? 55ಕ್ಕೆ ಕೂಡಿಸಬೇಕೆಂದು ಯಾರೂ ಹೇಳಲಾರರು. ಆದರೂ ಅವುಗಳಲ್ಲಿ ಆ ವೃದ್ಧ ಗುರುವಿನ ಪಾಲಿಲ್ಲವೆನ್ನುವುದು ಸಾಧ್ಯವೆ?

ಈ ಮಾತು ಅಮೆರಿಕಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಸ್ಪ್ರಿಂಗ್‌ಫೀಲ್ಡಿನ ಅದೇ ವಿದ್ಯಾಸಂಸ್ಥೆಯಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬಾತನು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆಯನ್ನು ತೆರೆದನು. ಶಾಲೆಗಳಿಗೆ ಅಂಗಸಾಧನೆಯ ಉಪಾಧ್ಯಾಯರನ್ನು ಸಿದ್ಧಪಡಿಸುವುದು ಅದರ ಉದ್ದೇಶ. ಹೀಗೆ ತಯಾರಾದ ಉಪಾಧ್ಯಾಯನು ಶಾಲೆಯ ಎಲ್ಲ ಮಕ್ಕಳಿಗೂ ಸೇರಿದವನು. ಆದರೆ ನಡೆಯುವುದೇನು? ಹೆಚ್ಚಿನ ಕಡೆಗಳಲ್ಲಿ ಹತ್ತು ಹನ್ನೆರಡು ಮಂದಿ ಚುರುಕಾದ ಹುಡುಗರನ್ನೊ ಹುಡುಗಿಯರನ್ನೊ ಆರಿಸಿ ತಂಡ ಕಟ್ಟುತ್ತಾರೆ. ಬಟ್ಟಲು ಗೆದ್ದು ತಂದರೆ ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವನ್ನು ಅಲಂಕರಿಸುತ್ತಾರೆ. ಉಳಿದ ನಾನೂರು ಐನೂರು ಮಕ್ಕಳಿಗೆ ದೊರೆಯುವುದು ಗೆರೆಯ ಆಚೆ ನಿಂತು ಚಪ್ಪಾಳೆ ತಟ್ಟುವ ವ್ಯಾಯಾಮ. ಪರೀಕ್ಷೆ ಹತ್ತಿರ ಬಂತೆಂದರೆ ಆಟದ ಅವಧಿಯನ್ನು ಗಣಿತದ ಉಪಾಧ್ಯಾಯರು ಕಡ ಪಡೆಯುತ್ತಾರೆ. ಹಾಗೆ ಕೊಟ್ಟ ಕಡವನ್ನು ತೀರಿಸಿದ ದೃಷ್ಟಾಂತ ಅಪೂರ್ವ. ಆ್ಯಲನ್ನನ ವಿದ್ಯೆ ಆ ಹನ್ನೆರಡು ಮಂದಿಗೆ ಅವಶ್ಯಕ. ಉಳಿದ ನಾನೂರು ಮಂದಿಗೆ ಬೇಕಾದವನು ನೈಸ್ಮಿತ್. ಒಬ್ಬನೇ ಮನುಷ್ಯನಲ್ಲಿ ಈ ಇಬ್ಬರೂ ದೊರೆಯುವುದು ದುರ್ಲಭವಾದರೆ, ಎರಡನೆಯವನನ್ನು ಮೊದಲು ಹುಡುಕಿಕೊಳ್ಳುವುದು ಶಾಲೆಗೆ ಮೇಲು. ಏಕೆಂದರೆ ಹನ್ನೆರಡು ಮಂದಿ ಹೇಗಾದರೂ ಆಡಿಯೇ ಆಡುತ್ತಾರೆ.

ಗುರುಶಿಷ್ಯರ ನಡುವೆ ಅಭಿಪ್ರಾಯಭೇದವಿದ್ದರೂ ವೈರವಿರಲಿಲ್ಲ ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಬ್ಯಾಸ್ಕೆಟ್‌ಬಾಲಿಗೆ ಸ್ಥಾನ ದೊರೆಯಬೇಕೆಂದು ಆ್ಯಲನ್ನನು ಬಹಳ ಶ್ರಮಪಟ್ಟನು. ಆಟದಿಂದ ಹಣ ಸಂಪಾದಿಸದಿದ್ದ ನೈಸ್ಮಿತ್ತನನ್ನು ಅಲ್ಲಿಗೆ ಕಳುಹಿಸಲು ಪಂದ್ಯಗಳಿಗೆ ಬಂದ ಪ್ರೇಕ್ಷಕರಿಂದ ಒಂದೊಂದು ಪೆನ್ನಿಯಂತೆ ಹಣ ಕೂಡಿಸುವ ಏರ್ಪಾಟಿನ ಹಿಂದೆಯೂ ಅವನಿದ್ದನು. ಎಪ್ಪತ್ತನಾಲ್ಕು ವರ್ಷದ ಮುದುಕನು ಬರ್ಲಿನ್ನಿನಲ್ಲಿ ಮೊದಲ ಪಂದ್ಯದ ಚೆಂಡನ್ನು ಮೇಲಕ್ಕೆಸೆದು, ಹಲವಾರು ದೇಶಗಳ ತಂಡಗಳು ಧ್ವಜ ಹಿಡಿದು ಸಾಗುವುದನ್ನು ಕಣ್ಣಾರೆ ಕಂಡನು. ಒಳಾಂಗಣಕ್ಕೆಂದೇ ಕಲ್ಪಿಸಿದ ಆಟದ ಅಂತಿಮ ಪಂದ್ಯವನ್ನು ಅಲ್ಲಿ ಬಯಲಿನಲ್ಲಿ, ಸುರಿಯುವ ಮಳೆಯಲ್ಲಿ, ಕೆಸರಾದ ಮಣ್ಣಿನ ಅಂಗಣದ ಮೇಲೆ ಆಡಿದರು. ಅಮೆರಿಕ ಕೆನಡಾವನ್ನು 19-8ರಿಂದ ಸೋಲಿಸಿತು. ನೈಸ್ಮಿತ್ ಹುಟ್ಟಿದ ದೇಶ ಸೋತಿತು, ನೆಲೆಸಿದ ದೇಶ ಗೆದ್ದಿತು. 1939ರ ನವೆಂಬರಿನಲ್ಲಿ ಅವನು ಲಾರೆನ್ಸಿನಲ್ಲಿ ತೀರಿಕೊಂಡನು.

ಕ್ಯಾನ್ಸಾಸ್ ವಿಶ್ವವಿದ್ಯಾನಿಲಯವು 1955ರಲ್ಲಿ ತೆರೆದ ದೊಡ್ಡ ಕ್ರೀಡಾಂಗಣಕ್ಕೆ ಆ್ಯಲನ್ನನ ಹೆಸರನ್ನಿಟ್ಟಿದೆ. ಅದರೊಳಗಿನ ಆಟದ ನೆಲಕ್ಕೆ ನೈಸ್ಮಿತ್ತನ ಹೆಸರಿದೆ. ಆ ಕ್ರೀಡಾಂಗಣಕ್ಕೆ ಹೊಂದಿಕೊಂಡ ಕಟ್ಟಡವೊಂದರಲ್ಲಿ ಬೆರಳಚ್ಚಿನ ಎರಡು ಹಾಳೆಗಳನ್ನು ಗಾಜಿನ ಹಿಂದೆ ಇರಿಸಿದ್ದಾರೆ. 1891ರಲ್ಲಿ ಸ್ಪ್ರಿಂಗ್‌ಫೀಲ್ಡಿನ ಗೋಡೆಯ ಮೇಲಿದ್ದ ಹದಿಮೂರು ನಿಯಮಗಳು ಅವು. 2010ರಲ್ಲಿ ಹರಾಜಿಗೆ ಬಂದಾಗ ನಲವತ್ತಮೂರು ಲಕ್ಷ ಡಾಲರುಗಳಿಗೆ ಮಾರಾಟವಾದುವು. ಆ ಹಾಳೆಗಳಲ್ಲಿ ತೀರ್ಪುಗಾರನ ಕರ್ತವ್ಯಗಳಿವೆ, ತಂಡಗಳ ನಾಯಕರ ಉಲ್ಲೇಖವಿದೆ. ತರಬೇತುದಾರನ ಹೆಸರು ಎಲ್ಲಿಯೂ ಬಂದಿಲ್ಲ. ಹೆಚ್ಚು ಸಲ ಬುಟ್ಟಿಗೆ ಚೆಂಡು ಹಾಕಿದ ಪಕ್ಷವೇ ಗೆದ್ದಂತೆ ಎಂದು ಮಾತ್ರ ಹದಿಮೂರನೆಯ ನಿಯಮದಲ್ಲಿ ನೈಸ್ಮಿತ್ತನೇ ಬರೆದಿದ್ದಾನೆ.